ತಾಳವಾಡಿಯ ಚಳಿಯಲ್ಲಿ ಕುದುರೆ ಮರಿ ಹಾಕಿಸಿದ ನನ್ನ ಅನುಭವ

ಧನುರ್ಮಾಸದಲ್ಲಿ ಲಾಯದ ಮೇಲ್ಭಾಗವನ್ನು ತೆರೆದಿಟ್ಟು ಕುದುರೆಗೆ ಮರಿ ಹಾಕಿಸುತ್ತೇನೆ ಎಂದಾಗ ಊರಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಈ ಚಳೀಲಿ ಮರಿ ಉಳಿಯಕಿಲ್ಲ ಕಣಪ್ಪ" ಎಂದು ಸೋದರಮಾವನವರು ಎರಡು ಸಲ ಬಂದು ಹೇಳಿಹೋದರು. ಮರಿ ಉಳಿದಿದೆ, ಚೆನ್ನಾಗಿ ಬೆಳೆಯುತ್ತಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ನಾನೂ ಎಲ್ಲರಂತೆಯೇ ಮಾಡಿದ್ದೆ. ಲಾಯದ ನಾಲ್ಕೂ ಕಡೆ ಸೂರಿನವರೆಗೆ ಟಾರ್ಪಾಲು ಕಟ್ಟಿ, ಮೂಲೆಯಲ್ಲಿ ಕೆಂಡದ ಬಾಣಲೆ ಇಟ್ಟಿದ್ದೆ. ವಾರದೊಳಗೆ ಗಂಜಲದ ಘಾಟು ಕಣ್ಣಿಗೆ ಹತ್ತುತ್ತಿತ್ತು, ತಗಡಿನಿಂದ ನೀರು ಹನಿಯುತ್ತಿತ್ತು, ಕುದುರೆ ಕೆಮ್ಮತೊಡಗಿತು. ಗಬ್ಬ 340 ದಿನ ಎಂಬ ಲೆಕ್ಕ ನಂಬಿ ಹನ್ನೊಂದು ರಾತ್ರಿ ಎದ್ದಿದ್ದು, ಹನ್ನೆರಡನೆಯ ರಾತ್ರಿ ನಿದ್ದೆ ಹೋದೆ. ಆ ರಾತ್ರಿಯೇ ಮರಿ ಬಂದಿತ್ತು. ಬೆಳಿಗ್ಗೆ ಅದು ಒದ್ದೆ ಸಿಮೆಂಟಿನ ಮೇಲೆ ಮಲಗಿತ್ತು. ಬಾಯೊಳಗೆ ಬೆರಳಿಟ್ಟರೆ ತಣ್ಣಗಿತ್ತು, ಚೀಪಲಿಲ್ಲ. ಮೂರನೆಯ ದಿನ ಮರಿ ಸತ್ತುಹೋಯಿತು. ಗಂಡು ಕುದುರೆಯ ಬಾಡಿಗೆ, ಔಷಧಿ, ವೈದ್ಯರ ಗಾಡಿ ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಹತ್ತಿರ ನಷ್ಟವಾಯಿತು. ರಾತ್ರಿ ಸಹಾಯ ಬೇಕೆಂದರೆ ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವು ಹತ್ತಿ ಯಾರೂ ಬರುವುದಿಲ್ಲ. ಆನೆಯ ಭಯವೂ ಇದೆ, ವಾಹನಗಳಿಗೆ ನಿರ್ಬಂಧವೂ ಇದೆ.

ಆ ನಷ್ಟದಿಂದ ಒಂದು ವಿಷಯ ಸ್ಪಷ್ಟವಾಯಿತು. ನಮ್ಮ ಹತ್ತು ಹನ್ನೊಂದು ಡಿಗ್ರಿ ಚಳಿ ಗಬ್ಬದ ಕುದುರೆಗೆ ಲೆಕ್ಕಕ್ಕಿಲ್ಲ. ರಾತ್ರಿಯ ಒಣಹುಲ್ಲನ್ನು ಹೆಚ್ಚಿಸಿದರೆ ಅದು ಕರುಳಿನಲ್ಲಿ ಹುದುಗುವಾಗ ಏಳುವ ಶಾಖವೇ ಅದಕ್ಕೆ ಸಾಕು. ಚಳಿ ಕೊಲ್ಲುವುದು ಒದ್ದೆಯಾದ ಮರಿಯನ್ನು. ಹಾಗಾಗಿ ಈ ಬಾರಿ ಗೋಣಿ ತಾಟನ್ನು ನೆಲದಿಂದ ಐದಡಿಯವರೆಗೆ ಮಾತ್ರ ಕಟ್ಟಿ, ಘಾಟೂ ಹಬೆಯೂ ಹೊರಹೋಗಲೆಂದು ಮೇಲಿನ ಮೂರಡಿ ಬಿಟ್ಟೆ. ನೆಲಕ್ಕೆ ಭತ್ತದ ಹುಲ್ಲನ್ನು ಒಂದಡಿ ದಪ್ಪ ಹಾಸಿ, ಲದ್ದಿಯನ್ನೂ ಒದ್ದೆ ಹುಲ್ಲನ್ನೂ ದಿನಕ್ಕೆ ಮೂರು ಸಲ ತೆಗೆದೆ. ಮರದ ಹೊಟ್ಟು ಅಗ್ಗವೆಂದು ಮೊದಲು ಹಸು ಈಯುವಾಗ ಹಾಸಿ ನೋಡಿದ್ದೆ. ಅದು ಒದ್ದೆ ಕರುವಿನ ಮೂಗಿಗೆಲ್ಲ ಮೆತ್ತಿಕೊಂಡಿತು. ಕಂಬಳಿ ಹೊದಿಸುವ ಪ್ರಯೋಗವೂ ಮೂರೇ ದಿನಕ್ಕೆ ನಿಂತಿತು, ಏಕೆಂದರೆ ಒಳಗೆ ಬೆವರಿ ಕೂದಲು ಅಂಟಿಕೊಳ್ಳುತ್ತಿತ್ತು. ಕುದುರೆ ತಣ್ಣೀರು ಮುಟ್ಟದೆ ಲದ್ದಿ ಗಟ್ಟಿಯಾಗುತ್ತಿದ್ದುದಕ್ಕೆ ನೀರನ್ನು ಉಗುರುಬೆಚ್ಚಗೆ ಮಾಡಿಕೊಟ್ಟೆ. ಎರಡು ಬಕೆಟ್ ಮುಗಿಸದಿದ್ದ ಕುದುರೆ ನಾಲ್ಕು ಕುಡಿಯಿತು.

ಮರಿ ಹಾಕುವ ದಿನ ಗುರುತಿಸಿದ್ದು ಪಿ.ಎಚ್. ಪಟ್ಟಿಯಿಂದ, ಅಂದರೆ ಹಾಲಿನ ಹುಳಿಯನ್ನು ಬಣ್ಣದಲ್ಲಿ ತೋರಿಸುವ ಕಾಗದದಿಂದ. ಅಂಕಿ ಇಳಿದಂತೆ ಮರಿ ಹಾಕುವ ಹೊತ್ತು ಹತ್ತಿರ. ಕೆಚ್ಚಲು ತುಂಬಿದ ಮೇಲೆ ಪ್ರತಿ ಸಂಜೆ ಎರಡು ಹನಿ ಹಾಲು ತೆಗೆದು ಪಟ್ಟಿಗೆ ತಾಗಿಸುತ್ತಿದ್ದೆ. ವಾರ ಮೊದಲು 7ಕ್ಕಿಂತ ಮೇಲಿತ್ತು, ಆಮೇಲೆ 6.8ರ ಸುಮಾರಿಗೆ ಇಳಿಯಿತು. 350ನೆಯ ದಿನದ ಸಂಜೆ ಹಸಿರು ಹೋಗಿ ಹಳದಿ ಬಂದಿತು, ಅಂದರೆ 6.4. ಮೊಲೆತೊಟ್ಟಿನ ತುದಿಯಲ್ಲಿ ಮೇಣದ ಹನಿಯೂ ಕಟ್ಟಿತ್ತು. ಚಳಿಗಾಲದಲ್ಲಿ ಹಗಲು ಚಿಕ್ಕದಾದ್ದರಿಂದ ಕುದುರೆಗಳು ಹತ್ತು ದಿನ ಹೆಚ್ಚು ಹೊರುವುದುಂಟು, ಆದ್ದರಿಂದ ಬರಿಯ ದಿನಗಣನೆಯನ್ನು ನಾನು ಇನ್ನು ನಂಬುವುದಿಲ್ಲ. ಚೊಚ್ಚಲು ಕುದುರೆ ಒದೆಯದೆ ಹಾಲು ಬಿಡುವಂತೆ ಮಾಡುವ ಬಗೆಯೊಂದನ್ನು ನಾನೇ ಕಂಡುಕೊಂಡಿದ್ದೇನೆ. ಅದನ್ನು ಬರೆಯುವುದಿಲ್ಲ, ಲಾಯಕ್ಕೆ ಬಂದವರಿಗೆ ತೋರಿಸುತ್ತೇನೆ.

ಆ ರಾತ್ರಿ ಎರಡೂವರೆಗೆ ನೀರಿನ ಚೀಲ ಒಡೆದು, ಇಪ್ಪತ್ತು ನಿಮಿಷದೊಳಗೆ ಹೆಣ್ಣು ಮರಿ ಹೊರಬಿತ್ತು. ಹೊಕ್ಕುಳುಬಳ್ಳಿ ತಾನಾಗಿ ಹರಿಯುವವರೆಗೆ ಕಾದು, ತುದಿಯನ್ನು ನೀರು ಬೆರೆಸಿ ತೆಳು ಮಾಡಿದ ಸೋಂಕುನಾಶಕ ಕ್ಲೋರ್‌ಹೆಕ್ಸಿಡೀನ್‌ನಲ್ಲಿ ಅದ್ದಿದೆ. ಬಳಿಕ ಒಲೆಯ ಬಳಿ ಬಿಸಿ ಮಾಡಿಟ್ಟಿದ್ದ ಹಳೆಯ ಹತ್ತಿ ಟವೆಲುಗಳಿಂದ ಮೊದಲು ಎದೆ, ಪಕ್ಕೆ, ಆಮೇಲೆ ಕಿವಿ ಎಂದು ಒರೆಸಿದೆ. ಆರು ಟವೆಲುಗಳು ಬೇಕಾದವು. ತಾಯಿ ನೆಕ್ಕಲು ಬಂದಾಗಲೆಲ್ಲ ಕೈ ಹಿಂದಕ್ಕೆ ತೆಗೆದೆ. ಐವತ್ತು ನಿಮಿಷಕ್ಕೆ ಮರಿ ಎದ್ದಿತು, ಎರಡು ಗಂಟೆ ತುಂಬುವ ಮೊದಲೇ ಗಿಣ್ಣು ಹಾಲು ಕುಡಿಯಿತು, ಅಷ್ಟರಲ್ಲಿ ಕಸವೂ (ಮಾಸು) ಇಡಿಯಾಗಿ ಬಿತ್ತು. ಬಾಯಿಗೆ ಬೆರಳಿಟ್ಟೆ. ಬೆಚ್ಚಗಿತ್ತು, ಬಿಗಿಯಾಗಿ ಚೀಪಿತು.

ಹುಲ್ಲು, ಟವೆಲು, ಪಟ್ಟಿ, ಧನುರ್ವಾಯು ಚುಚ್ಚುಮದ್ದು ಸೇರಿ ಆರು ಸಾವಿರ ಮೀರಲಿಲ್ಲ. ಮಾವನವರ ಕುದುರೆಗೆ ಮಾಘದಲ್ಲಿ ದಿನ ತುಂಬುತ್ತದೆ. ಅವರ ಲಾಯದ ಟಾರ್ಪಾಲನ್ನು ನಿನ್ನೆ ನಾವಿಬ್ಬರೂ ಸೇರಿ ಐದಡಿಗೆ ಇಳಿಸಿ ಕಟ್ಟಿದೆವು.