ಮೃಗಶಿರ ಮಳೆಗೆ ಬಿತ್ತುವ ಬದುವಿನ ಹೂಗಳು

ತುಂಬೆ, ಅಣ್ಣೆ, ಕರ್ಣಕುಂಡಲ ಇವು ಮಳೆಯೊಡನೆ ಹುಟ್ಟಿ, ಹೂಬಿಟ್ಟು, ಬೀಜ ಉದುರಿಸಿ ಒಂದೇ ವರ್ಷದಲ್ಲಿ ಬಾಳು ಮುಗಿಸುವ ಗಿಡಗಳು. ಹೊಲದ ಬದುವಿನಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಇವು ಮನೆಯ ಹಿತ್ತಿಲಿನಲ್ಲಿ ಕೆಡುವುದು ಹೆಚ್ಚಾಗಿ ಅತಿ ಉಪಚಾರದಿಂದಲೇ. ನಾನು ಮೊದಲ ವರ್ಷ ಗುಲಾಬಿ ಗಿಡಕ್ಕೆ ಹಾಕುವಂತೆ ಎರಡು ಪುಟ್ಟಿ ಕೊಟ್ಟಿಗೆ ಗೊಬ್ಬರ ಬೆರೆಸಿದ್ದೆ. ಅಣ್ಣೆ ಗಿಡಗಳು ಎದೆಮಟ್ಟ ಸೊಕ್ಕಿ ಬೆಳೆದು, ಹೂ ಬಿಡುವ ಮೊದಲೇ ಒಂದು ಗಾಳಿಮಳೆಗೆ ಮಲಗಿಬಿಟ್ಟವು. ಅಂದಿನಿಂದ ಆ ಪಾತಿಗೆ ಗೊಬ್ಬರ ತೋರಿಸಿಲ್ಲ.

ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗವನ್ನು ಆರಿಸಿಕೊಳ್ಳಿ. ಕರ್ಣಕುಂಡಲಕ್ಕೆ ಮಾತ್ರ ಅರೆನೆರಳಾದರೂ ಸಾಕು, ಆದರೆ ಅದರ ರಸತುಂಬಿದ ಕಾಂಡ ಬಾಯಾರಿಕೆ ತಡೆಯದು. ರೋಹಿಣಿ ಮಳೆ ಬಿದ್ದ ಮೇಲೆ ಆತುರಪಟ್ಟು ಬಿತ್ತಬೇಡಿ. ಮಣ್ಣಿನಲ್ಲಿ ಅಡಗಿರುವ ಕಳೆಬೀಜಗಳೆಲ್ಲ ಮೊದಲು ಮೊಳೆಯಲಿ. ಹತ್ತು ಹನ್ನೆರಡು ದಿನ ಬಿಟ್ಟು ಅವನ್ನು ಕುಡುಗೋಲಿನಿಂದ ಮೇಲುಮೇಲೆ ಕೆರೆದು ತೆಗೆದು, ಜೂನ್ ಎರಡನೆಯ ವಾರದಲ್ಲಿ, ಮೃಗಶಿರ ಮಳೆಯ ಹದದಲ್ಲಿ ಬಿತ್ತಿದರೆ ಮುಂದಿನ ಕಳೆ ಕೀಳುವ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಆಳವಾಗಿ ಅಗೆದರೆ ಕೆಳಗಿನ ಕಳೆಬೀಜವನ್ನು ನೀವೇ ಮೇಲಕ್ಕೆ ಕರೆದಂತಾಗುತ್ತದೆ.

ತುಂಬೆಯ ಬೀಜವೂ ಅಣ್ಣೆಯ ಕಪ್ಪು ಹೊಳಪಿನ ಬೀಜವೂ ಬಹಳ ಸಣ್ಣವಾದ್ದರಿಂದ, ಒಂದು ಹಿಡಿ ಬೀಜಕ್ಕೆ ಎಂಟು ಹಿಡಿ ಒಣಮರಳು ಬೆರೆಸಿ ಚೆಲ್ಲಬೇಕು. ಮೇಲೆ ಮಣ್ಣು ಮುಚ್ಚದೆ, ಒಂದು ಹಲಗೆಯಿಟ್ಟು ಮೆಲ್ಲನೆ ಒತ್ತಿದರೆ ಸಾಕು. ಇರುವೆಗಳು ಬೀಜ ಹೊತ್ತೊಯ್ಯದಂತೆ ಪಾತಿಯ ಅಂಚಿಗೆ ಒಲೆಬೂದಿ ಉದುರಿಸಿ; ಮಳೆ ಬಂದರೆ ಮತ್ತೆ ಉದುರಿಸಬೇಕಾಗುತ್ತದೆ. ಕರ್ಣಕುಂಡಲದ ದಪ್ಪ ಬೀಜವನ್ನು ಬೆರಳಿನ ಅರ್ಧ ಗೆಣ್ಣಿನಷ್ಟು ಆಳಕ್ಕೆ ಊರಬಹುದು.

ಸಸಿಗಳು ನಾಲ್ಕು ಎಲೆ ಬಿಟ್ಟಾಗ ಗೇಣಿಗೊಂದರಂತೆ ಉಳಿಸಿ ಮಿಕ್ಕವನ್ನು ಕೀಳಲೇಬೇಕು. ಇಲ್ಲಿ ಕರುಣೆ ತೋರಿದವರಿಗೆ ಹೂವಿಲ್ಲ. ಕಿತ್ತ ಅಣ್ಣೆಯ ಎಳೆಸೊಪ್ಪನ್ನು ಎಸೆಯಬೇಡಿ, ಬಸ್ಸಾರಿಗೆ ಅದರಷ್ಟು ರುಚಿಯಾದ ಸೊಪ್ಪು ಕಡಿಮೆ. ಇದೇ ಸಮಯದಲ್ಲಿ, ಸೀಳುಸೀಳು ಎಲೆಗಳನ್ನು ನೆಲಕ್ಕೆ ವೃತ್ತವಾಗಿ ಹರಡಿಕೊಂಡ ಸಸಿ ಕಂಡರೆ ಅದು ಕಾಂಗ್ರೆಸ್ ಗಿಡವೆಂದು ತಿಳಿದು, ಕೈಗೆ ಬಟ್ಟೆ ಸುತ್ತಿಕೊಂಡು ಬೇರುಸಹಿತ ತೆಗೆಯಿರಿ. ಅದು ಹೂಬಿಟ್ಟರೆ ಮೈತುರಿಕೆ, ಸೀನು ತಪ್ಪಿದ್ದಲ್ಲ.

ಸುಮಾರು ಎರಡು ತಿಂಗಳಿಗೆ, ಗೌರಿಹಬ್ಬದ ಆಸುಪಾಸಿನಲ್ಲಿ, ಕರ್ಣಕುಂಡಲ ಅರಳುತ್ತದೆ. ತುಂಬೆ ಬಿಳಿಯಾದ ಮೇಲೆ ಜೇನುಹುಳುಗಳ ಸದ್ದು ಅಡುಗೆಮನೆಯವರೆಗೆ ಕೇಳುತ್ತದೆ. ಆಗ ಅಲ್ಲಿಗೆ ಯಾವ ಔಷಧಿಯನ್ನೂ ಸಿಂಪಡಿಸಬಾರದು.

ಬೀಜ ಹಿಡಿಯುವಾಗ ಕರ್ಣಕುಂಡಲ ಮೋಸ ಮಾಡುತ್ತದೆ. ಬಲಿತ ಕಾಯಿಯನ್ನು ಮುಟ್ಟಿದರೆ ಸಾಕು, ಸಿಡಿದು ಬೀಜವೆಲ್ಲ ಚೆಲ್ಲಾಪಿಲ್ಲಿ. ಕಾಯಿ ಬಿಳಿಚಿಕೊಂಡಾಗಲೇ ತೆಳುಬಟ್ಟೆಯ ಚೀಲ ಕಟ್ಟಿಡಿ. ತುಂಬೆ, ಅಣ್ಣೆಯ ಒಣ ತೆನೆಗಳನ್ನು ಕಾಗದದ ಮೇಲೆ ಬಡಿದು, ನೆರಳಿನಲ್ಲಿ ಒಣಗಿಸಿ, ಪೊಟ್ಟಣ ಕಟ್ಟಿ ಹೆಸರು ಬರೆಯಿರಿ. ಅರ್ಧದಷ್ಟು ಗಿಡಗಳನ್ನು ಹಾಗೆಯೇ ನಿಲ್ಲಿಸಿದರೆ ಉದುರಿದ ಬೀಜ ತಾನೇ ಹುಟ್ಟುತ್ತದೆ. ಆದರೆ ಪಕ್ಕದಲ್ಲಿ ರಾಗಿಹೊಲವಿದ್ದರೆ ಅಣ್ಣೆಯ ತೆನೆಯನ್ನು ಬಲಿಯುವ ಮುನ್ನವೇ ಕತ್ತರಿಸಿಬಿಡಿ, ಏಕೆಂದರೆ ನಮ್ಮ ಹೂ ಆ ರೈತನಿಗೆ ಕಳೆ.