ಹಿರಿಯರ ನಡುವೆ ಕಂಡಿದ್ದನ್ನು ಸಮ್ಮೇಳನಕ್ಕೆ ಕಳಿಸುವುದು ಹೇಗೆ?

ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್, ಹಿರಿಯರ ಹಗಲು ಕೇಂದ್ರ ನಡೆಸುವವರು, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ... ಮುಪ್ಪಿನ ಬಗ್ಗೆ ಇವರಿಗೆ ಗೊತ್ತಿರುವ ಎಷ್ಟೋ ಸಂಗತಿ ಯಾವ ಸಮ್ಮೇಳನದಲ್ಲೂ ಕೇಳಿಬರುವುದಿಲ್ಲ. ಬರೆದು ಕಳಿಸುವ ಕ್ರಮ ಹೇಳಿಕೊಟ್ಟವರಿಲ್ಲ ಎಂಬುದು ಅದಕ್ಕೆ ಒಂದು ದೊಡ್ಡ ಕಾರಣ. 2011ರ ಜನಗಣತಿಯ ಹೊತ್ತಿಗೇ ನಮ್ಮ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚಿದ್ದರು. 2021ರಿಂದ 2030ರವರೆಗಿನ ಅವಧಿಯನ್ನು ವಿಶ್ವಸಂಸ್ಥೆ ಆರೋಗ್ಯಕರ ವೃದ್ಧಾಪ್ಯದ ದಶಕವೆಂದು ಘೋಷಿಸಿದೆ. ಈ ಚರ್ಚೆಯಲ್ಲಿ ನಮ್ಮೂರಿನ ಅಜ್ಜ ಅಜ್ಜಿಯರ ಬದುಕೂ ಇರಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕರೆಯನ್ನು ಪೂರ್ತಿ ಓದಿ

ಸಮ್ಮೇಳನಕ್ಕೆ ತಿಂಗಳುಗಟ್ಟಲೆ ಮುಂಚೆಯೇ ಪ್ರಬಂಧಗಳಿಗೆ ಕರೆ ಬರುತ್ತದೆ. ಆಗ ಇಡೀ ಪ್ರಬಂಧ ಬೇಕಿಲ್ಲ. ಸಾಮಾನ್ಯವಾಗಿ 250–300 ಪದಗಳ ಸಾರಾಂಶ ಸಾಕು. ವೇದಿಕೆಯ ಮಂಡನೆ, ಮಾಡಿದ ಕೆಲಸವನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ತೋರಿಸುವ ಪೋಸ್ಟರ್, ಮೂರು–ನಾಲ್ಕು ಜನ ಸೇರಿ ಒಂದೇ ವಿಷಯ ಮಂಡಿಸುವ ಗೋಷ್ಠಿ ಎಂದು ಬಗೆಗಳಿರುತ್ತವೆ. ಸಂಶೋಧನೆ ಮಾಡಿಲ್ಲ, ಕಾರ್ಯಕ್ರಮ ನಡೆಸಿದ ಅನುಭವ ಇದೆ ಎನ್ನುವವರಿಗೂ ಎಷ್ಟೋ ಕಡೆ ಪ್ರತ್ಯೇಕ ವಿಭಾಗವಿರುತ್ತದೆ. ಮೊದಲ ಸಲ ಕಳಿಸುವವರಿಗೆ ನಾನು ಪೋಸ್ಟರ್ ಆರಿಸಿಕೊಳ್ಳಿ ಎನ್ನುತ್ತೇನೆ. ವೇದಿಕೆಯ ಹತ್ತು ನಿಮಿಷ ಮುಗಿದದ್ದೇ ತಿಳಿಯುವುದಿಲ್ಲ. ಪೋಸ್ಟರ್ ಮುಂದೆ ನಿಂತರೆ ಜನ ಬಂದು ಕೇಳುತ್ತಾರೆ, ವಾದಿಸುತ್ತಾರೆ, ನಂಬರ್ ಕೊಟ್ಟು ಹೋಗುತ್ತಾರೆ.

ಒಂದು ಎಚ್ಚರಿಕೆ. ನಿಮ್ಮನ್ನು ‘ಗಣ್ಯ ಭಾಷಣಕಾರರು’ ಎಂದು ಕರೆದು, ಎರಡೇ ದಿನದಲ್ಲಿ ಒಪ್ಪಿಗೆ ಕೊಟ್ಟು, ಶುಲ್ಕಕ್ಕೆ ಒತ್ತಾಯಿಸುವ ಇ–ಮೇಲ್ ಬಂದರೆ ಹಣ ಕಟ್ಟಬೇಡಿ. ನಡೆಸುವ ಸಂಸ್ಥೆ ಯಾವುದು, ಹಿಂದಿನ ಸಮ್ಮೇಳನಗಳಲ್ಲಿ ಯಾರು ಮಾತಾಡಿದ್ದರು ಎಂದು ನೋಡಿ, ಹೋಗಿಬಂದವರನ್ನೊಮ್ಮೆ ಕೇಳಿ.

ಪ್ರಶ್ನೆ ಚಿಕ್ಕದಿರಲಿ

‘ಹಿರಿಯ ನಾಗರಿಕರ ಸಮಸ್ಯೆಗಳು’ ಎಂಬ ವಿಷಯ ಯಾವ ಸಾರಾಂಶದಲ್ಲೂ ಹಿಡಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯಕರ ವೃದ್ಧಾಪ್ಯ ಎಂದರೆ ಕಾಯಿಲೆ ಇಲ್ಲದಿರುವುದಲ್ಲ. ತಮಗೆ ಮುಖ್ಯವಾದದ್ದನ್ನು ಮಾಡುವ ಶಕ್ತಿ ಉಳಿದಿರುವುದು. ಸಕ್ಕರೆ ಕಾಯಿಲೆ ಇರುವ ಅಜ್ಜಿ ಸಂತೆಗೆ ಒಬ್ಬರೇ ಹೋಗಿ ಬರುತ್ತಾರೆಯೇ? ಬಸ್ಸಿನ ಮೆಟ್ಟಿಲು ಹತ್ತಲಾಗದೆ ಆಸ್ಪತ್ರೆ ಬಿಟ್ಟವರು ಎಷ್ಟು ಜನ? ಇಂಥ ಪ್ರಶ್ನೆಯನ್ನು ಹಿಡಿಯಿರಿ.

ಸ್ವಂತವಾಗಿ ಮಾಹಿತಿ ಕಲೆಹಾಕಲು ಆಗದವರಿಗೆ ‘ಲಾಸಿ’ (LASI) ಎಂಬ ವೃದ್ಧಾಪ್ಯದ ರಾಷ್ಟ್ರೀಯ ಸಮೀಕ್ಷೆ ಇದೆ. 2017–18ರಲ್ಲಿ ದೇಶದಾದ್ಯಂತ 45 ದಾಟಿದ ಸುಮಾರು 72 ಸಾವಿರ ಜನರನ್ನು ಮಾತಾಡಿಸಿದ ಈ ಸಮೀಕ್ಷೆಯ ದತ್ತಾಂಶವನ್ನು ಸಂಶೋಧಕರು ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯಿಂದ ಕೇಳಿ ಪಡೆಯಬಹುದು. ಹತ್ತಿರದ್ದೇ ಬೇಕೆಂದರೆ, ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಡೆಸುತ್ತಿರುವ ದೀರ್ಘಾವಧಿ ಅಧ್ಯಯನದ ಪ್ರಕಟಿತ ಲೇಖನಗಳನ್ನು ಓದಿ. ಹಳ್ಳಿಯ ಹಿರಿಯರ ನೆನಪಿನ ಶಕ್ತಿಯನ್ನು ಹೇಗೆ ಅಳೆಯುತ್ತಾರೆ ಎಂಬುದು ಅಲ್ಲಿ ತಿಳಿಯುತ್ತದೆ.

ಒಪ್ಪಿಗೆ ಮೊದಲು, ಮಾಹಿತಿ ಆಮೇಲೆ

ಸಂಶೋಧನೆ ಎಂದಮೇಲೆ ಎಥಿಕ್ಸ್ ಕಮಿಟಿಯ (ಅಧ್ಯಯನದಿಂದ ಜನರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ಸಮಿತಿ) ಅನುಮತಿಯನ್ನು ಕೆಲಸ ಶುರುವಾಗುವ ಮೊದಲೇ ಪಡೆಯಬೇಕು. ನಿಮ್ಮ ಕೆಲಸಕ್ಕೆ ಅನುಮತಿ ಬೇಕೋ ಬೇಡವೋ ಎಂಬುದನ್ನೂ ಕಮಿಟಿಯೇ ಹೇಳಬೇಕು, ನಾವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ಓದಲು ಬಾರದವರಿಗೆ ಎಲ್ಲವನ್ನೂ ವಿವರಿಸಿ ಹೆಬ್ಬೆಟ್ಟು ಪಡೆಯುವಾಗ ಅಧ್ಯಯನಕ್ಕೆ ಸಂಬಂಧಪಡದ ಒಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು. ಮಗ ‘ಬರ್ಕೊಳ್ಳಿ, ನಮ್ಮಮ್ಮ ಏನೂ ಅನ್ನಲ್ಲ’ ಎಂದರೆ ಅದು ಒಪ್ಪಿಗೆಯಲ್ಲ. ಅಮ್ಮನನ್ನೇ ಕೇಳಿ. ‘ನಿನಗ್ಯಾಕವ್ವಾ ಇದೆಲ್ಲ?’ ಎಂದು ಅವರು ಎದ್ದುಹೋದರೆ ಬಿಟ್ಟುಬಿಡಿ.

ಸಾರಾಂಶ ಬರೆಯುವಾಗ

ಹಿನ್ನೆಲೆ, ವಿಧಾನ, ಫಲಿತಾಂಶ, ತೀರ್ಮಾನ ಎಂಬ ನಾಲ್ಕು ಭಾಗಗಳನ್ನು ಬಹುತೇಕ ಎಲ್ಲರೂ ಕೇಳುತ್ತಾರೆ. ಹೊಸಬರು ಅರ್ಧ ಜಾಗವನ್ನು ಹಿನ್ನೆಲೆಗೇ ಕೊಟ್ಟುಬಿಡುತ್ತಾರೆ. ಎರಡು ವಾಕ್ಯ ಸಾಕು. ಉಳಿದ ಜಾಗವೆಲ್ಲ ನೀವು ಮಾಡಿದ್ದಕ್ಕೆ, ಕಂಡಿದ್ದಕ್ಕೆ.

ನನ್ನ ಮೊದಲ ಸಾರಾಂಶ ತಿರಸ್ಕೃತವಾಗಿತ್ತು. ‘ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು’ ಎಂದು ಬರೆದಿದ್ದೆ. ಪರಿಶೀಲಿಸುವವರ ಕೈಯಲ್ಲಿರುವುದು ಆ 250 ಪದ ಮಾತ್ರ. ಅದರಲ್ಲಿ ಫಲಿತಾಂಶ ಇಲ್ಲದಿದ್ದರೆ ಅವರು ಅಂಕ ಕೊಡುವುದಾದರೂ ಯಾವುದಕ್ಕೆ? ಇದು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು.

ಒಂದು ಕಲ್ಪಿತ ಉದಾಹರಣೆ ನೋಡೋಣ. ‘ವ್ಯಾಯಾಮದಿಂದ ಹಿರಿಯರಿಗೆ ತುಂಬಾ ಉಪಯೋಗವಾಯಿತು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಅದನ್ನೇ ಹೀಗೆ ಬರೆಯಿರಿ: ‘65 ದಾಟಿದ 26 ಜನ 12 ವಾರ, ವಾರಕ್ಕೆ ಮೂರು ದಿನ ಕುರ್ಚಿ ವ್ಯಾಯಾಮ ಮಾಡಿದರು. ಐವರು ನಡುವೆ ಬಿಟ್ಟರು. ಅವರಲ್ಲಿ ಮೂವರು ಬಿಟ್ಟದ್ದು ರಾಗಿ ಕೊಯ್ಲಿನ ವಾರಗಳಲ್ಲಿ. ಉಳಿದ 21 ಜನರು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎದ್ದು ಕೂರುವ ಸರಾಸರಿ ಸಂಖ್ಯೆ 7ರಿಂದ 10ಕ್ಕೆ ಏರಿತು. ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ.’ ಕೊನೆಯ ವಾಕ್ಯ ಬರೆಯಲು ಹಿಂಜರಿಯಬೇಡಿ. ಕೊರತೆಯನ್ನು ತಾವೇ ಹೇಳಿಕೊಂಡವರ ಮಾತಿಗೆ ತೂಕ ಹೆಚ್ಚು. ಕೊಯ್ಲಿನ ಮಾತನ್ನಂತೂ ಜಾಗ ಉಳಿಸಲೆಂದು ತೆಗೆಯಬೇಡಿ. 70ರಲ್ಲೂ ಹೊಲಕ್ಕೆ ಹೋಗುವವರಿಗೆ ಯಾವ ತಿಂಗಳಲ್ಲಿ ವ್ಯಾಯಾಮ ಕಲಿಸಬೇಕು ಎಂಬುದು ಅಲ್ಲಿದ್ದವರಿಗಷ್ಟೇ ಗೊತ್ತಾಗುವ ವಿಚಾರ.

ಪದಗಳ ಬಗ್ಗೆಯೂ ಈ ಕ್ಷೇತ್ರದವರು ಸೂಕ್ಷ್ಮ. ಇಂಗ್ಲಿಷಿನಲ್ಲಿ ಬರೆಯುವಾಗ ‘ದಿ ಎಲ್ಡರ್ಲಿ’ ಬದಲು ‘ಓಲ್ಡರ್ ಅಡಲ್ಟ್ಸ್’ ಎನ್ನುವುದು ಈಗಿನ ರೂಢಿ. ಹಿರಿಯರ ಸಂಖ್ಯೆಯನ್ನು ‘ಸುನಾಮಿ’, ‘ಹೊರೆ’ ಎನ್ನಬೇಡಿ. ಇಂಗ್ಲಿಷ್ ಕಷ್ಟವಾದರೆ ಮೊದಲು ಕನ್ನಡದಲ್ಲೇ ಬರೆದು, ಬಲ್ಲವರಿಗೆ ತೋರಿಸಿ ಇಂಗ್ಲಿಷಿಗೆ ತನ್ನಿ. ವಿಚಾರ ಗಟ್ಟಿಯಾಗಿದ್ದರೆ ಭಾಷೆ ತಿದ್ದುವುದು ಒಂದು ಸಂಜೆಯ ಕೆಲಸ.

ಕಳಿಸುವ ದಿನ

ಹೆಸರು ಮರೆಮಾಡಿ ಪರಿಶೀಲಿಸುವ ಸಮ್ಮೇಳನವಾದರೆ ಸಾರಾಂಶದೊಳಗೆ ನಿಮ್ಮ ಸಂಸ್ಥೆಯ ಹೆಸರು ಬರಬಾರದು. ಸಹಲೇಖಕರೆಲ್ಲರೂ ಓದಿ ಒಪ್ಪಿರಬೇಕು. ಗಡುವು ಯಾವ ದೇಶದ ಗಡಿಯಾರದ್ದು ಎಂದೂ ನೋಡಿ: ಭಾರತದ ರಾತ್ರಿ 11:59 ಎಂದರೆ ಬೇಸಿಗೆಯಲ್ಲಿ ನ್ಯೂಯಾರ್ಕ್‌ನ ಕನ್ನಡಿಗರಿಗೆ ಅದೇ ದಿನ ಮಧ್ಯಾಹ್ನ 2:29. ಹೇಗಿದ್ದರೂ ಎರಡು ದಿನ ಮುಂಚೆಯೇ ಕಳಿಸಿ, ಬಂದ ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಒಪ್ಪಿಗೆ ಬಂದ ಮೇಲೆ

ಮಂಡಿಸುವವರು ಶುಲ್ಕ ಕಟ್ಟಿ ಹೆಸರು ನೋಂದಾಯಿಸದಿದ್ದರೆ ಬಹಳಷ್ಟು ಕಡೆ ಸಾರಾಂಶವನ್ನೇ ಕೈಬಿಡುತ್ತಾರೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯೇ, ಪ್ರಯಾಣಕ್ಕೆ ನೆರವು ಸಿಗುತ್ತದೆಯೇ ಎಂದು ಸಂಕೋಚಪಡದೆ ಕೇಳಿ. ಒಪ್ಪಿಗೆ ಬರದಿದ್ದರೆ ಪರಿಶೀಲಕರ ಟಿಪ್ಪಣಿ ಇಟ್ಟುಕೊಂಡು ತಿದ್ದಿ ಇನ್ನೊಂದೆಡೆ ಕಳಿಸಿ.

ಪೋಸ್ಟರ್ ಅಚ್ಚು ಹಾಕಿಸುವಾಗ ಕನ್ನಡದಲ್ಲೂ ಒಂದನ್ನು ಮಾಡಿಸಿ. ಅಕ್ಷರ ದೊಡ್ಡದಿರಲಿ, ಗ್ರಾಫ್ ಒಂದೇ ಇರಲಿ. ಊರಿಗೆ ಬಂದ ಮೇಲೆ ಅದನ್ನು ವ್ಯಾಯಾಮ ನಡೆದ ಜಾಗದಲ್ಲೇ, ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಬೀಳುವ ಎತ್ತರದಲ್ಲಿ ತೂಗುಹಾಕಿ, ಓದಲಾಗದವರಿಗೆ ನೀವೇ ಓದಿ ಹೇಳಿ.