ನ್ಯೂಟ್ರೊಫಿಲ್ ಕೋಶಕೇಂದ್ರವನ್ನು ನಿಜರೂಪ ಕೆಡದಂತೆ ಚಿತ್ರಿಸುವ ವಿಧಾನ

ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣದ ಕೋಶಕೇಂದ್ರವು ಸಾಮಾನ್ಯವಾಗಿ ಮೂರರಿಂದ ಐದು ಹಾಲೆಗಳಾಗಿ ಹಂಚಿಕೊಂಡಿದ್ದು, ನೂಲಿನಷ್ಟು ತೆಳುವಾದ ಕೊಂಡಿಗಳು ಆ ಹಾಲೆಗಳನ್ನು ಜೋಡಿಸಿರುತ್ತವೆ. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕವು ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಬಿಂದುಗಳನ್ನು ಬೇರ್ಪಡಿಸಲಾರದಾದ್ದರಿಂದ, ಮಾದರಿಯ ಮೇಲೆ ಪಟ್ಟೆ ಪಟ್ಟೆಯಾಗಿ ಬೆಳಕು ಹಾಯಿಸಿ, ತೆಗೆದ ಚಿತ್ರಗಳಿಂದ ಲೆಕ್ಕಾಚಾರದ ಮೂಲಕ ಒಂದು ಚಿತ್ರವನ್ನು ಪುನರ್ರಚಿಸಿ ಈ ಮಿತಿಯನ್ನು 100–120 ನ್ಯಾನೊಮೀಟರಿಗೆ ಇಳಿಸುವ ಸಿಮ್ (ಸ್ಟ್ರಕ್ಚರ್ಡ್ ಇಲ್ಯುಮಿನೇಷನ್ ಮೈಕ್ರೊಸ್ಕೋಪಿ) ವಿಧಾನ ಇಲ್ಲಿ ಉಪಯುಕ್ತವಾಗಿದೆ. ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚಿನ ಚಿತ್ರಗಳು ಕೆಡುವುದು ಸೂಕ್ಷ್ಮದರ್ಶಕದಲ್ಲಲ್ಲ, ಅದಕ್ಕೂ ಮೊದಲು ಮಾದರಿಯನ್ನು ಸಿದ್ಧಪಡಿಸುವಾಗ.

ಈ ಕಣಗಳು ಬೇಗ ಉದ್ರೇಕಗೊಳ್ಳುತ್ತವೆ. ಜೀವಂತ ಕಣವು ಗಾಜಿಗೆ ತಗುಲಿದ ಕೆಲವೇ ನಿಮಿಷಗಳಲ್ಲಿ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಅದರೊಂದಿಗೆ ಹಾಲೆಗಳ ಜೋಡಣೆಯೂ ಬದಲಾಗುತ್ತದೆ. ಆದ್ದರಿಂದ ದಾನಿಯ ಒಪ್ಪಿಗೆ ಪಡೆದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಕೊಳವೆಯಲ್ಲಿ ಸಂಗ್ರಹಿಸಿದ ರಕ್ತದಿಂದ ಕಣಗಳನ್ನು ತಡಮಾಡದೆ ಬೇರ್ಪಡಿಸಿ, ಅವು ದ್ರಾವಣದಲ್ಲಿ ತೇಲುತ್ತಿರುವಾಗಲೇ ಶೇ. 4ರ ಫಾರ್ಮಾಲ್ಡಿಹೈಡ್‌ನಲ್ಲಿ ಸುಮಾರು 15 ನಿಮಿಷ ಸ್ಥಿರೀಕರಿಸಿ (ಇದ್ದ ರೂಪದಲ್ಲೇ ನಿಲ್ಲಿಸಿ), ಆಮೇಲಷ್ಟೇ ಕಣಗಳು ಅಂಟಿಕೊಳ್ಳಲೆಂದು ಪಾಲಿಲೈಸಿನ್ ಲೇಪಿಸಿದ ಕವರ್‌ಸ್ಲಿಪ್ ಎಂಬ ತೆಳು ಗಾಜಿನ ಮೇಲೆ ಕೂರಿಸಬೇಕು. ಕಣಗಳನ್ನು ವೇಗವಾಗಿ ತಿರುಗಿಸಿ ಗಾಜಿನ ಮೇಲೆ ಕೂರಿಸುವ ಸೈಟೋಸ್ಪಿನ್ ಯಂತ್ರ ಅನುಕೂಲಕರವಾದರೂ ಅದು ಕಣಗಳನ್ನು ಗಾಜಿಗೆ ಒತ್ತಿ ಚಪ್ಪಟೆ ಮಾಡುವುದರಿಂದ, ಮೂರು ಆಯಾಮಗಳ ಅಧ್ಯಯನಕ್ಕೆ ಅದನ್ನು ಬಳಸಬಾರದು.

ಡಿಎನ್‌ಎಗೆ ಡ್ಯಾಪಿ ಬಣ್ಣ ಸಾಕು. ಕೋಶಕೇಂದ್ರದ ಪೊರೆಯನ್ನು ಗುರುತಿಸಲು ಆ ಪೊರೆಯಲ್ಲಿರುವ ಲ್ಯಾಮಿನ್ ಬಿ ಗ್ರಾಹಕ ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಹಾಲೆಗಳು ರೂಪುಗೊಳ್ಳಲು ಈ ಗ್ರಾಹಕ ಪ್ರೋಟೀನ್ ಅಗತ್ಯ, ಇದರ ವಂಶವಾಹಿಯ ಒಂದು ಪ್ರತಿಯಲ್ಲಿ ದೋಷವಿರುವ ಪೆಲ್ಗರ್–ಹ್ಯೂಟ್ ಸ್ಥಿತಿಯಲ್ಲಿ ಕೋಶಕೇಂದ್ರವು ಎರಡೇ ಹಾಲೆಗಳಲ್ಲಿ ನಿಂತುಬಿಡುತ್ತದೆ. ಬಲಿತ ನ್ಯೂಟ್ರೊಫಿಲ್‌ಗಳಲ್ಲಿ, ಕೋಶಕೇಂದ್ರದ ಪೊರೆಯ ಒಳಬದಿಗೆ ಆಸರೆಯಾಗುವ ಲ್ಯಾಮಿನ್ ಎ/ಸಿ ಪ್ರೋಟೀನ್ ಅತ್ಯಲ್ಪವಾಗಿರುವುದರಿಂದ, ಅದರ ಸಂಕೇತ ಮಂಕಾಗಿ ಕಂಡರೆ ಪ್ರಯೋಗ ಕೆಟ್ಟಿತೆಂದು ಭಾವಿಸಬೇಕಿಲ್ಲ.

ಕವರ್‌ಸ್ಲಿಪ್ 0.17 ಮಿಲಿಮೀಟರ್ ದಪ್ಪದ್ದೇ ಇರಬೇಕು. ಮಾದರಿಯತ್ತ ಇರುವ ಮಸೂರವಾದ ಆಬ್ಜೆಕ್ಟಿವ್ ಅನ್ನು ತೈಲದೊಂದಿಗೆ ಬಳಸುವಾಗ, ಮಾದರಿಯನ್ನು ಮುಚ್ಚುವ ಮಾಧ್ಯಮದ ವಕ್ರೀಭವನಾಂಕವೂ (ಬೆಳಕನ್ನು ಬಾಗಿಸುವ ಪ್ರಮಾಣ) ತೈಲದ 1.518ಕ್ಕೆ ಹತ್ತಿರವಿರಬೇಕು, ಇವೆರಡೂ ಹೊಂದದಿದ್ದರೆ ಆಳಕ್ಕೆ ಹೋದಂತೆ ಚಿತ್ರ ಮಸುಕಾಗುವುದಷ್ಟೇ ಅಲ್ಲ, ಲೆಕ್ಕಾಚಾರದಿಂದ ಪುನರ್ರಚಿಸಿದ ಚಿತ್ರದಲ್ಲಿ ಸುಳ್ಳು ಗೆರೆಗಳೂ ಮೂಡುತ್ತವೆ. ಗಟ್ಟಿಯಾಗುವ ಮಾಧ್ಯಮಗಳು ಕಣವನ್ನು ಸ್ವಲ್ಪ ಕುಗ್ಗಿಸುತ್ತವೆ ಎಂಬುದನ್ನು ಎತ್ತರ ಅಳೆಯುವಾಗ ನೆನಪಿಡಬೇಕು.

ಪಿಕ್ಸೆಲ್ ಗಾತ್ರವನ್ನು ಸುಮಾರು 40 ನ್ಯಾನೊಮೀಟರಿಗೂ, ಆಳದ ಹೆಜ್ಜೆಯನ್ನು ಸುಮಾರು 125 ನ್ಯಾನೊಮೀಟರಿಗೂ ಇಟ್ಟು, ಕಣದ ಕೆಳಗಿನಿಂದ ಮೇಲಿನವರೆಗೆ ಚಿತ್ರಗಳನ್ನು ತೆಗೆಯಬೇಕು. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆಯೇ ಎಂಬುದನ್ನು 100 ನ್ಯಾನೊಮೀಟರಿನ ಬಹುವರ್ಣ ಮಣಿಗಳಿಂದ ಅದೇ ದಿನ ಪರೀಕ್ಷಿಸಬೇಕು. ಕೊನೆಗೆ ಪ್ರತಿಯೊಂದು ಪುನರ್ರಚಿತ ಚಿತ್ರವನ್ನೂ ಅದೇ ಕಣದ ಸಾಮಾನ್ಯ ಚಿತ್ರದೊಂದಿಗೆ ಹೋಲಿಸಿ, ಹೊಸದಾಗಿ ಕಂಡ ಕೊಂಡಿಯು ಅಲ್ಲಿ ಮಸುಕಾಗಿಯಾದರೂ ಅದೇ ಜಾಗದಲ್ಲಿ ಕಾಣದಿದ್ದರೆ, ಅದನ್ನು ಎಣಿಕೆಯಿಂದ ಕೈಬಿಡಬೇಕು.